ಸರದಿ ಬರಹದ ಜೊತೆಗಾರರು ನಡುವೆಯೇ ಮಾಯವಾದರೆ

ಪ್ರಶ್ನೆ: ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಲ್ಲಿ ಕನ್ನಡದಲ್ಲಿ ರೋಲ್‌ಪ್ಲೇ ಬರೆಯುತ್ತೇನೆ. ನನ್ನದೊಂದು ಪಾತ್ರ, ಎದುರಿನವರದೊಂದು. ಸರದಿಯ ಮೇಲೆ ಕಥೆ ಮುಂದುವರಿಯುತ್ತದೆ. 1311ರಲ್ಲಿ ಮಲಿಕ್ ಕಾಫರ್ ದೋರಸಮುದ್ರದ ಮೇಲೆ ಬಂದ ಕಾಲದ ಕಥೆ. ‘ಹೊಯ್ಸಳರ ಕಥೆಗೆ ಜೊತೆ ಬೇಕು’ ಎಂದು ಹಾಕಿದ್ದೆ. ಬಂದ ಮೂವರೂ ಹತ್ತು ಹನ್ನೆರಡು ಪೋಸ್ಟ್ ಆದಮೇಲೆ ಮಾತಿಲ್ಲದೆ ಹೋದರು. ನನ್ನ ಬರವಣಿಗೆಯೇ ಸರಿಯಿಲ್ಲವೇ?
– ಓದುಗರು, ಸಕಲೇಶಪುರ

ಉತ್ತರ: ಆ ಒಂದು ಸಾಲು ಓದಿ ಬಂದವರಿಗೆ ನಿಮ್ಮ ವೇಗ ಗೊತ್ತಾಗುವುದು ಹೇಗೆ? ಜೊತೆ ಮುರಿಯುವುದು ಹೆಚ್ಚಾಗಿ ಅಲ್ಲೇ. ವಾರಕ್ಕೆ ಎಷ್ಟು ಪೋಸ್ಟ್, ಒಂದೊಂದು ಎಷ್ಟು ಉದ್ದ, ಗ್ರಾಂಥಿಕವೋ ಆಡುಮಾತೋ, ಯಾವುದನ್ನು ಬರೆಯುವುದಿಲ್ಲ ಎಂಬುದನ್ನೂ ಹಾಕಿ, ಜೊತೆಗೆ ನಿಮ್ಮದೇ ನೂರೈವತ್ತು ಪದಗಳ ಮಾದರಿ ಕೊಡಿ. ಬರುವವರು ಕಡಿಮೆಯಾಗುತ್ತಾರೆ, ಆಗಲಿ.

ಬಂದವರೊಡನೆ ನೇರವಾಗಿ ದೊಡ್ಡ ಕಥೆಗೆ ಇಳಿಯಬೇಡಿ. ಕೋಟೆ ಬಾಗಿಲಲ್ಲಿ ಸುಂಕದವನೂ ಎತ್ತಿನ ಗಾಡಿಯ ವ್ಯಾಪಾರಿಯೂ ಎದುರಾಗುವಂಥ ಒಂದು ಸಣ್ಣ ದೃಶ್ಯ ಸಾಕು, ತಲಾ ಮೂರು ಸರದಿ, ಅಲ್ಲಿಗೆ ಮುಕ್ತಾಯ. ಗಾಡಿಯ ಅಡಿಯಲ್ಲಿ ಏನೋ ಮುಚ್ಚಿಟ್ಟಿದೆ ಎಂದು ನೀವು ಸುಳಿವು ಬಿಟ್ಟರೆ ಅವರು ಅದನ್ನು ಎತ್ತಿಕೊಂಡರೇ? ನಿಮಗೆ ಹಿಡಿದುಕೊಳ್ಳಲು ಏನಾದರೂ ಬಿಟ್ಟರೇ? ಈ ಎರಡನ್ನೇ ನೋಡಿ. ಭಾಷೆಯ ಚೆಂದ ಆಮೇಲೆ. ಅವರ ಕಾವಲುಗಾರ ಕಾಫಿ ಕುಡಿದರೆ ಅದನ್ನೂ ಮಾತಾಡಿಕೊಳ್ಳಿ. ಬಾಬಾ ಬುಡನ್ ಬೀಜ ತಂದರೆನ್ನುವುದು 17ನೇ ಶತಮಾನದ ಮಾತು. ಮೆಣಸಿನಕಾಯಿ, ಆಲೂಗಡ್ಡೆಯೂ ಪೋರ್ಚುಗೀಸರು ಬಂದಮೇಲಿನವು. ಕೆಲವರಿಗೆ ಇದು ಮುಖ್ಯ, ಕೆಲವರಿಗೆ ಅಲ್ಲ. ಇಬ್ಬರದೂ ತಪ್ಪಲ್ಲ, ಆದರೆ ಅವರಿಬ್ಬರೂ ಒಟ್ಟಿಗೆ ಬರೆದರೆ ದಿನಾ ಜಗಳ.

ಹತ್ತು ಹನ್ನೆರಡಕ್ಕೇ ನಿಲ್ಲಲು ಕಾರಣವಿದೆ. ಪರಿಚಯದ ದೃಶ್ಯ ಅಷ್ಟರಲ್ಲಿ ಮುಗಿದಿರುತ್ತದೆ, ಮುಂದಿನ ಘಟನೆಯನ್ನು ಇನ್ನೊಬ್ಬರು ತರಲಿ ಎಂದು ಇಬ್ಬರೂ ಕಾಯುತ್ತಾರೆ. ಎಂಟನೇ ಪೋಸ್ಟ್ ಹೊತ್ತಿಗೇ ಮುಂದಿನ ಎರಡು ಘಟನೆಗಳನ್ನು ಕೂತು ಗೊತ್ತುಮಾಡಿಕೊಳ್ಳಿ. ಇನ್ನೊಂದು, ಉದ್ದ. ನೀವು ಐನೂರು ಪದ ಬರೆದರೆ ಅಷ್ಟೇ ಬರೆಯಬೇಕೆಂಬ ಭಾರ ಅವರ ಮೇಲೆ ಬೀಳುತ್ತದೆ. ತಡವಾಗುತ್ತದೆ, ತಡವಾದದ್ದಕ್ಕೆ ಸಂಕೋಚ, ಆಮೇಲೆ ಮೌನ. ಡಿಸ್ಕಾರ್ಡ್‌ನ ಉಚಿತ ಖಾತೆಯಲ್ಲಿ ಒಂದು ಸಂದೇಶಕ್ಕೆ 2000 ಅಕ್ಷರದ ಮಿತಿ. ಕನ್ನಡದಲ್ಲಿ ಕೊಂಬು, ದೀರ್ಘ, ಒತ್ತು ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಯಾಗುವುದರಿಂದ ಸುಮಾರು ಇನ್ನೂರು ಪದಕ್ಕೇ ತುಂಬುತ್ತದೆ. ಅದನ್ನೇ ಅಳತೆಯಾಗಿ ಇಟ್ಟುಕೊಳ್ಳಿ.

ಕಾಫಿ ಕುಯ್ಲಿನ ತಿಂಗಳುಗಳಲ್ಲಿ ನಿಮಗೆ ಬಿಡುವಿರುವುದಿಲ್ಲ, ಆಷಾಢದ ಮಳೆಯಲ್ಲಿ ಕರೆಂಟ್ ಇರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಿ. ಏಳು ದಿನ ಸುದ್ದಿಯಿಲ್ಲದಿದ್ದರೆ ಒಂದು ನೆನಪೋಲೆ, ಹದಿನಾಲ್ಕಕ್ಕೆ ಕಥೆ ಬಂದ್, ಯಾರಿಗೂ ಬೇಸರವಿಲ್ಲ ಎಂದು ಇಬ್ಬರೂ ಒಪ್ಪಿಕೊಂಡರೆ ಹೋದವರಿಗೂ ಮರಳಿ ಬರುವ ಮುಖವಿರುತ್ತದೆ.

ಪ್ರಶ್ನೆ: ನನ್ನ ಪಾತ್ರ ಸೋತಿತು, ಅತ್ತಿತು ಎಂದು ಜೊತೆಗಾರರೇ ಬರೆದುಬಿಡುತ್ತಾರೆ. ಹೇಗೆ ಹೇಳಲಿ?
– ಓದುಗರು, ಬೇಲೂರು

ಉತ್ತರ: ‘ಮಣಿಕಟ್ಟಿಗೆ ಕತ್ತಿ ಬೀಸಿದ’ ಎಂದು ಬರೆಯುವುದು ಅವರ ಹಕ್ಕು. ಏಟು ಬಿತ್ತೋ ತಪ್ಪಿತೋ ಎಂಬುದು ನಿಮ್ಮ ಸರದಿಯಲ್ಲಿ ಬರಬೇಕು. ಕಥೆಯೊಳಗೆ ಸೇಡು ತೀರಿಸಿಕೊಳ್ಳಬೇಡಿ. ಕಥೆಯ ಹೊರಗಿನ ಮಾತಿಗೆಂದು ಬೇರೆ ಚಾನೆಲ್ ಇಟ್ಟು, ಆ ಒಂದು ವಾಕ್ಯವನ್ನು ತೋರಿಸಿ ತಿದ್ದಲು ಕೇಳಿ. ಹೆಚ್ಚಿನವರು ಗೊತ್ತಿಲ್ಲದೆ ಮಾಡಿರುತ್ತಾರೆ, ತಕ್ಷಣ ತಿದ್ದುತ್ತಾರೆ. ಎರಡು ಸಲ ಹೇಳಿದಮೇಲೂ ನಡೆದರೆ ಕಥೆಗೊಂದು ಮುಕ್ತಾಯ ಬರೆದು ಬಿಡಿ.

ಪ್ರಶ್ನೆ: ನನಗೆ 16. ಜೊತೆಗಾರರು ಕಥೆ ಬಿಟ್ಟು ನನ್ನ ಫೋಟೊ, ಫೋನ್ ನಂಬರ್ ಕೇಳುತ್ತಿದ್ದಾರೆ. ಕೊಡದಿದ್ದರೆ ಬರೆಯುವುದಿಲ್ಲವಂತೆ.
– ಚಿಕ್ಕಮಗಳೂರು

ಉತ್ತರ: ಕೊಡಬೇಡ ಮಗು. ಆ ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟು, ರಿಪೋರ್ಟ್ ಮಾಡಿ, ಬ್ಲಾಕ್ ಮಾಡು. ಇವತ್ತೇ ಮನೆಯಲ್ಲಿ ನಿನಗೆ ನಂಬಿಕೆಯಿರುವವರಿಗೆ ತೋರಿಸು. ಈಗಾಗಲೇ ಏನಾದರೂ ಕಳಿಸಿದ್ದರೂ ನಿನ್ನ ತಪ್ಪೇನಿಲ್ಲ. 1098ಕ್ಕೆ ಕರೆ ಮಾಡಿದರೆ ಮಕ್ಕಳ ಸಹಾಯವಾಣಿಯವರು ಮಾತಾಡುತ್ತಾರೆ, ಹಣ ತಗಲುವುದಿಲ್ಲ.