ದುಡ್ಡು ಕೊಟ್ಟು ತೆಗೆಸಿದ ಚಿತ್ರ ಯಾರದು?

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಆರು ವರ್ಷಗಳಿಂದ ಛಾಯಾಗ್ರಾಹಕನಾಗಿದ್ದೇನೆ. ಮೂಡಿಗೆರೆ ಕಡೆಯ ಹೋಂಸ್ಟೇ ಮಾಲೀಕರೊಬ್ಬರು ಕಳೆದ ಕುಯ್ಲಿನ ಕಾಲದಲ್ಲಿ ನನ್ನಿಂದ ತೋಟದ ಚಿತ್ರಗಳನ್ನು ತೆಗೆಸಿ, ಒಪ್ಪಿದ ಹಣವನ್ನು ಪೂರ್ತಿ ಕೊಟ್ಟರು. ಬಳಕೆಯ ಬಗ್ಗೆ ಯಾವ ಮಾತೂ ಆಗಿರಲಿಲ್ಲ. ಈಗ ಕಾಫಿ ಹಣ್ಣು ಕುಯ್ಯುತ್ತಿರುವ ಮಹಿಳೆಯ ಚಿತ್ರವೊಂದು ಅವರ ಕಾಫಿಪುಡಿ ಪೊಟ್ಟಣದ ಮೇಲೆ ನನ್ನ ಹೆಸರಿಲ್ಲದೆ ಅಚ್ಚಾಗಿದೆ. ಹೆಚ್ಚಿನ ಹಣ ಕೇಳಬಹುದೇ? ಅದೇ ಚಿತ್ರಗಳಲ್ಲಿ ಎರಡನ್ನು ನಾನು ಕ್ಯಾಲೆಂಡರ್ ಮುದ್ರಿಸುವವರಿಗೆ ಮಾರಿದ್ದೇನೆ.

ಉತ್ತರ: ಕೊನೆಯ ವಾಕ್ಯವನ್ನು ಮುಚ್ಚಿಡದೆ ಬರೆದಿದ್ದೀರಿ, ಉತ್ತರವನ್ನು ಅಲ್ಲಿಂದಲೇ ಆರಂಭಿಸಬೇಕಾಗಿದೆ. ಕ್ಯಾಮೆರಾ ಹಿಡಿದವನದೇ ಚಿತ್ರ ಎಂಬ ನಂಬಿಕೆ ನಮ್ಮ ವೃತ್ತಿಯಲ್ಲಿ ಬಲವಾಗಿದೆ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಒಬ್ಬರು ಹಣ ಕೊಟ್ಟು ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ಹಣ ಪಡೆದು ಭಾವಚಿತ್ರ ಬರೆದುಕೊಡುವ ಕಲಾವಿದರಿಗೂ ಇದೇ ನಿಯಮ. ಆದ್ದರಿಂದ ಪೊಟ್ಟಣದ ಮೇಲೆ ಚಿತ್ರ ಹಾಕಿದ್ದರಲ್ಲಿ ಮಾಲೀಕರ ತಪ್ಪು ಹುಡುಕುವುದು ಕಷ್ಟ. ಅವರನ್ನು ಕೇಳದೆ ಕ್ಯಾಲೆಂಡರಿಗೆ ಮಾರಿದ್ದು ಮಾತ್ರ ನಿಮ್ಮ ಕಡೆಯ ಸ್ಪಷ್ಟ ಲೋಪ.

ಹೆಸರಿನ ಮಾತು ಬೇರೆ. ಹಕ್ಕು ಯಾರಲ್ಲೇ ಇರಲಿ, ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು 57ನೇ ಸೆಕ್ಷನ್ ಕರ್ತೃವಿಗೇ ಉಳಿಸಿದೆ. ರಾಜಾಶ್ರಯದಲ್ಲಿ ಕೆಲಸ ಮಾಡಿದ ಬೇಲೂರಿನ ದಾಸೋಜ, ಚಾವಣರಂಥ ಶಿಲ್ಪಿಗಳೂ ತಮ್ಮ ವಿಗ್ರಹಗಳ ಪೀಠದಲ್ಲಿ ಹೆಸರು ಕೆತ್ತಿಕೊಂಡವರೇ. ಮುಂದಿನ ಮುದ್ರಣದಲ್ಲಿ ಸಣ್ಣ ಅಕ್ಷರದಲ್ಲಾದರೂ ಹೆಸರು ಹಾಕಿ ಎಂದು ಕೇಳಲು ನೀವು ಸಂಕೋಚಪಡಬೇಕಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ನೀವು ಒಂದೇ ವಾಕ್ಯದಲ್ಲಿ ದಾಟಿಹೋದ ಆ ಮಹಿಳೆ. ಚಿತ್ರ ಯಾರದೆಂಬ ಲೆಕ್ಕದಲ್ಲಿ ನೀವಿದ್ದೀರಿ, ಮಾಲೀಕರಿದ್ದಾರೆ. ಮುಖ ಯಾರದೋ ಅವರು ಇಲ್ಲ. ಅವರಿಗೆ ಅಂದು ಸಿಕ್ಕ ಕೂಲಿ ಹಣ್ಣು ಕುಯ್ದದ್ದಕ್ಕೆ. ತೋಟದ ಯಜಮಾನರು ಜೊತೆಯಲ್ಲಿ ನಿಂತಿರುವಾಗ "ಒಂದು ಫೋಟೋ ತೆಗೀಲಾ ಅಮ್ಮ?" ಎಂದು ಕೇಳಿದರೆ ಬೇಡವೆನ್ನುವ ಧೈರ್ಯ ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲುಮನೆಯಲ್ಲಿ, ವಾಸಿಸುವ ಎಷ್ಟು ಜನರಿಗಿದ್ದೀತು? ಅಸ್ಸಾಮಿನಿಂದ ಬಂದ ಕೆಲಸಗಾರರಿಗೆ ನಮ್ಮ ಪ್ರಶ್ನೆಯೇ ಅರ್ಥವಾಗಿರಲಾರದು. ನಕ್ಕಿದ್ದನ್ನೇ ಒಪ್ಪಿಗೆಯೆಂದು ಎಣಿಸುವ ಅಭ್ಯಾಸ ನನಗೂ ಬಹುಕಾಲ ಇತ್ತು. ಯಜಮಾನರಿಲ್ಲದ ಹೊತ್ತಿನಲ್ಲಿ, ಕೆಲಸಗಾರರ ಭಾಷೆಯಲ್ಲಿ, ಚಿತ್ರ ಎಲ್ಲಿ ಅಚ್ಚಾಗುತ್ತದೆ ಎಂಬುದನ್ನು ತಿಳಿಸಿ ಕೇಳಬೇಕು. ಮಾರಾಟದ ವಸ್ತುವಿನ ಮೇಲೆ ಹಾಕುವುದಾದರೆ ಅವರಿಗೂ ಸಂಭಾವನೆ ಸಲ್ಲಬೇಕು.

ಇನ್ನು ಮುಂದೆ ಮುಂಗಡ ಪಡೆಯುವ ಮೊದಲೇ ಬಳಕೆ, ಅವಧಿ, ಹೆಸರು, ಹಕ್ಕು ಇವಿಷ್ಟನ್ನೂ ಅರ್ಧ ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿಕೊಳ್ಳಿ. ಪರಿಚಯದವರೆಂದು ಬಿಡಬೇಡಿ, ಪರಿಚಯದವರೊಂದಿಗೇ ಜಗಳ ಹೆಚ್ಚು.

ಸದ್ಯಕ್ಕೆ ಕ್ಯಾಲೆಂಡರಿನ ವಿಷಯವನ್ನು ನೀವೇ ಹೋಗಿ ಮಾಲೀಕರಿಗೆ ತಿಳಿಸಿ, ಬಂದ ಹಣವನ್ನು ಅವರ ಮುಂದಿಡಿ. ಹೆಸರಿನ ಬೇಡಿಕೆಯನ್ನೂ ಆ ಮಹಿಳೆಯ ಸಂಭಾವನೆಯ ಮಾತನ್ನೂ ಅದೇ ಭೇಟಿಯಲ್ಲಿ ಎತ್ತಬಹುದು.