ಗೋಧಿ ಬಿಡಬೇಡಿ, ಮೊದಲು ಟೆಸ್ಟ್ ಮಾಡಿಸಿ

ತಿಂಗಳುಗಟ್ಟಲೆ ಭೇದಿ, ಹೊಟ್ಟೆ ಉಬ್ಬರ, ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ, ಗೋಧಿ ಬಿಟ್ಟು ನೋಡಲಾ ಅಂತ ಕೇಳಿದ್ದೀರಿ. ಈಗಲೇ ಬಿಡಬೇಡಿ. ಮೊದಲು ಸೀಲಿಯಾಕ್ ಇದೆಯಾ ಅಂತ ಟೆಸ್ಟ್ ಮಾಡಿಸಿ, ಗೋಧಿ ತಿಂದರೆ ಕರುಳು ಹಾಳಾಗುವ ಕಾಯಿಲೆ ಅದು.

ನಾನು ಬಾಗಲಕೋಟೆ ಕಡೆಯವನು. ಊರಲ್ಲಿ ಜೋಳದ ರೊಟ್ಟಿ, ಬೆಂಗಳೂರಿನ ಪಿಜಿಯಲ್ಲಿ ಎರಡು ಹೊತ್ತೂ ಚಪಾತಿ. ಇಲ್ಲಿ ಹೊಟ್ಟೆ ಕೆಡುತ್ತಿತ್ತು, ಊರಿಗೆ ಹೋದರೆ ಸರಿಹೋಗುತ್ತಿತ್ತು. ಅವ್ವ ನೀರು ಒಗ್ಗಿಲ್ಲ ಅಂದಳು. ಆಫೀಸಿನಲ್ಲಿ ಗ್ಯಾಸ್ಟ್ರಿಕ್ ಅಂದರು, ನಮ್ಮಲ್ಲಿ ಎದೆಯಿಂದ ಸೊಂಟದವರೆಗೆ ಏನಾದರೂ ಅದು ಗ್ಯಾಸ್ಟ್ರಿಕ್ಕೇ ಅಲ್ವಾ. ಬೆಳಗ್ಗೆ ಹೋಗುತ್ತಿದ್ದದ್ದು ಬಿಳಿಚಿಕೊಂಡು, ಜಿಡ್ಡುಜಿಡ್ಡಾಗಿ ಇರುತ್ತಿತ್ತು. ಎರಡು ಸಲ ಫ್ಲಶ್ ಮಾಡಿದರೂ ಕಮೋಡಿಗೆ ಅಂಟಿಕೊಂಡೇ ಇರುತ್ತಿತ್ತು.

ಆಮೇಲೆ ಯಾವುದೋ ವಿಡಿಯೋ ನೋಡಿ, ಇದು ಗೋಧಿಯದ್ದೇ ಕಾಟ ಅಂತ ನಾನೇ ಪತ್ತೆ ಹಚ್ಚಿದೆ. ಚಪಾತಿ, ಬ್ರೆಡ್ಡು, ಉಪ್ಪಿಟ್ಟು ಎಲ್ಲ ಬಿಟ್ಟೆ. ಕೆಲವು ತಿಂಗಳಲ್ಲಿ ಎಷ್ಟೋ ಹಗುರಾಯಿತು. ಆಗ ಹೋಗಿ ಹೊಟ್ಟೆ ಡಾಕ್ಟರಿಗೆ ತೋರಿಸಿದೆ. ಅವರು ಟಿಟಿಜಿ ಅನ್ನುವ ರಕ್ತ ಪರೀಕ್ಷೆ ಬರೆದರು. ನೆಗೆಟಿವ್ ಬಂತು. ಸೀಲಿಯಾಕ್ ಅಲ್ಲ, ಐಬಿಎಸ್ ಅಂದರು, ಅಂದರೆ ಕರುಳಿಗೆ ಹಾನಿ ಇಲ್ಲದೆಯೂ ಹೊಟ್ಟೆ ಕೆಡುತ್ತಲೇ ಇರುವ ತೊಂದರೆ.

ಎಡವಟ್ಟಾಗಿದ್ದು ಇಲ್ಲೇ. ಈ ಟೆಸ್ಟು ಕಾಯಿಲೆಯನ್ನು ನೇರವಾಗಿ ನೋಡುವುದಿಲ್ಲ. ಸೀಲಿಯಾಕ್ ಇರುವವರು ಗೋಧಿ ತಿಂದಾಗ, ಅದರಲ್ಲಿರುವ ಗ್ಲೂಟನ್ ಅನ್ನುವ ಪ್ರೋಟೀನಿನಿಂದಾಗಿ ಮೈ ತನ್ನ ಕರುಳಿನ ಮೇಲೇ ತಿರುಗಿಬೀಳುತ್ತದೆ, ಆಗ ಹುಟ್ಟುವ ಪ್ರತಿಕಾಯಗಳನ್ನು ಇದು ಅಳೆಯುತ್ತದೆ. ಗೋಧಿ ನಿಲ್ಲಿಸಿದರೆ ಅವು ನಿಧಾನವಾಗಿ ಇಳಿಯುತ್ತವೆ, ಕರುಳೂ ಮಾಯುತ್ತಾ ಬರುತ್ತದೆ. ಅಂದರೆ ನಾನು ಸಾಕ್ಷಿಯನ್ನೆಲ್ಲ ಅಳಿಸಿ ಆಮೇಲೆ ಪೊಲೀಸರನ್ನು ಕರೆದಿದ್ದೆ. ಗೋಧಿ ಬಿಟ್ಟಿದ್ದೀರಾ ಅಂತ ಡಾಕ್ಟರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸ್ವಂತ ವೈದ್ಯ ಮಾಡಿಕೊಂಡೆ ಅಂತ ಬೈಯುತ್ತಾರೇನೋ ಅಂತ ಸುಮ್ನೆ ಕೂತಿದ್ದೆ. ರಿಪೋರ್ಟ್ ನೆಗೆಟಿವ್ ಅಂದಮೇಲೆ ಇನ್ನೇನು ಭಯ ಅಂತ ಮತ್ತೆ ಚಪಾತಿ ಶುರು. ವರ್ಷಗಟ್ಟಲೆ ಐಬಿಎಸ್ ಮಾತ್ರೆ ನುಂಗುತ್ತಾ ಧೈರ್ಯವಾಗಿ ಗೋಧಿ ತಿಂದೆ.

ಕೊನೆಗೆ ಸಿಕ್ಕಿಬಿದ್ದದ್ದು ಹಿಮೋಗ್ಲೋಬಿನ್‌ನಿಂದ. ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ಏರಲಿಲ್ಲ. ಸಣ್ಣ ಕರುಳಿನ ಮೊದಲ ಭಾಗದಲ್ಲೇ ಕಬ್ಬಿಣ ಹೀರಿಕೊಳ್ಳುವುದು, ಸೀಲಿಯಾಕ್ ಹಾಳುಮಾಡುವುದೂ ಅದನ್ನೇ. ಹೊಸ ಡಾಕ್ಟರ್ ಮತ್ತೆ ಟಿಟಿಜಿ ಅಂದಾಗ, ಅದು ಆಗಿದೆ ಮೇಡಂ, ನೆಗೆಟಿವ್ ಅಂದೆ. ಆವಾಗ ಏನು ತಿನ್ನುತ್ತಿದ್ರಿ ಅಂದರು. ಈ ಸಲ ಪಾಸಿಟಿವ್. ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು, ಅದರಲ್ಲೂ ಖಚಿತವಾಯಿತು.

ಹಾಗಾಗಿ ಗೋಧಿ ತಿನ್ನುತ್ತಲೇ ಟೆಸ್ಟ್ ಮಾಡಿಸಿ. ಟಿಟಿಜಿ ಐಜಿಎ ಜೊತೆ ಒಟ್ಟು ಐಜಿಎ ಕೂಡ ಕೇಳಿ. ಐಜಿಎ ಅಂದರೆ ಈ ಟೆಸ್ಟು ಅಳೆಯುವ ಪ್ರತಿಕಾಯದ ಬಗೆ, ಅದೇ ಮೈಯಲ್ಲಿ ಕಮ್ಮಿ ಇರುವವರಲ್ಲಿ ಕಾಯಿಲೆ ಇದ್ದರೂ ಟೆಸ್ಟು ನೆಗೆಟಿವ್ ಅಂತ ಸುಳ್ಳು ಹೇಳಬಹುದು. ಈಗಾಗಲೇ ಬಿಟ್ಟಿದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಕೆಲವು ವಾರ ಮತ್ತೆ ತಿನ್ನಿಸಿ ನೋಡಬೇಕಾಗಬಹುದು. "ಬಿಟ್ಟು ನೋಡಿದರೆ ಏನು ನಷ್ಟ" ಅನ್ನುವವರ ಮಾತು ಕೇಳಬೇಡಿ. ಸೀಲಿಯಾಕ್ ಅಂತಾದರೆ ಜೀವನಪೂರ್ತಿ ಪಥ್ಯ. ಜೋಳ, ರಾಗಿ, ಅಕ್ಕಿ ತಿನ್ನಬಹುದು, ನಮ್ಮ ಪುಣ್ಯ. ಆದರೆ ಅಂಗಡಿಯ ಇಂಗಿಗೂ ಎಷ್ಟೋ ಸಲ ಗೋಧಿ ಹಿಟ್ಟೋ ಮೈದಾನೋ ಬೆರೆಸಿರುತ್ತಾರೆ. ಅಷ್ಟು ಕಟ್ಟುನಿಟ್ಟನ್ನು ಬರೀ ಅನುಮಾನದ ಮೇಲೆ ಯಾರೂ ಪಾಲಿಸುವುದಿಲ್ಲ.

ಮಲದಲ್ಲಿ ರಕ್ತ, ಜ್ವರ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸಿ ಓಡಿಸುವ ಭೇದಿ, ಇವುಗಳಲ್ಲಿ ಯಾವುದಿದ್ದರೂ ನನ್ನ ಪುರಾಣ ಪಕ್ಕಕ್ಕಿಡಿ. ಪೈಲ್ಸ್ ಇರಬೇಕು ಅಂತ ನೀವೇ ತೀರ್ಮಾನ ಮಾಡಬೇಡಿ, ಈ ವಾರವೇ ಡಾಕ್ಟರ ಹತ್ತಿರ ಹೋಗಿ ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳನ್ನು ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ, ಬೇಕಾ ಅಂತ ಕೇಳಿ.