ಟೆಸ್ಟ್ ಎಲ್ಲಾ ಪಾಸ್ ಆದಮೇಲೂ ಉಳಿಯುವ ತಪ್ಪುಗಳು

ಪ್ರಶ್ನೆ: ನಾನು ಜಾವಾ ಮತ್ತು ಸಿ ಎರಡರಲ್ಲೂ ಕೋಡ್ ಬರೆಯುತ್ತೇನೆ. ನಮ್ಮ ಟೆಸ್ಟ್‌ಗಳೆಲ್ಲಾ ಪಾಸ್ ಆಗುತ್ತವೆ. ಆದರೂ ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು, ಸಿಂಬಾಲಿಕ್ ಮಾಡೆಲ್ ಚೆಕಿಂಗ್ ಮಾಡಿ ನೋಡಿ, ಅದು ಎಲ್ಲಾ ಇನ್‌ಪುಟ್‌ಗಳನ್ನೂ ಪರೀಕ್ಷಿಸುತ್ತೆ ಅನ್ನುತ್ತಾರೆ. ಎಲ್ಲವನ್ನೂ ನೋಡೋದು ಹೇಗೆ ಸಾಧ್ಯ?

ಉತ್ತರ: ಒಂದೊಂದಾಗಿ ನೋಡಲು ಹೋದರೆ ಖಂಡಿತ ಸಾಧ್ಯವಿಲ್ಲ. 32 ಬಿಟ್‌ನ ಎರಡು ಇಂಟಿಜರ್ ತೆಗೆದುಕೊಳ್ಳುವ ಪುಟ್ಟ ಫಂಕ್ಷನ್ ಇದೆ ಅಂದುಕೊಳ್ಳಿ. ಸೆಕೆಂಡಿಗೆ 100 ಕೋಟಿ ಜೋಡಿಗಳನ್ನು ಓಡಿಸಿದರೂ ಮುಗಿಯೋದಕ್ಕೆ ಸುಮಾರು 584 ವರ್ಷ ಬೇಕು. ಅದಕ್ಕೇ ಈ ವಿಧಾನದಲ್ಲಿ ಪ್ರೋಗ್ರಾಮನ್ನು ಓಡಿಸುವುದೇ ಇಲ್ಲ. ಕೋಡನ್ನು ತರ್ಕದ ಒಂದು ದೊಡ್ಡ ಸೂತ್ರವಾಗಿ ಬದಲಿಸುತ್ತಾರೆ, ಇನ್‌ಪುಟ್ ಜಾಗದಲ್ಲಿ ಯಾವ ಸಂಖ್ಯೆಯನ್ನೂ ಹಾಕದೆ ಹಾಗೇ ಬಿಡುತ್ತಾರೆ, ಆಮೇಲೆ ಸಾಲ್ವರ್‌ಗೆ, ಅಂದರೆ ಇಂಥ ಸೂತ್ರಗಳನ್ನು ಬಿಡಿಸುವ ಪ್ರೋಗ್ರಾಮಿಗೆ, ಒಂದೇ ಮಾತು ಕೇಳುತ್ತಾರೆ: ನಮ್ಮ ನಿಯಮ ಮುರಿಯುವಂಥ ವ್ಯಾಲ್ಯೂ ಎಲ್ಲಾದರೂ ಇದೆಯಾ?

ಬೈನರಿ ಸರ್ಚ್ ತಗೊಳ್ಳಿ, ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಪ್ರತಿ ಸಲ ಅರ್ಧ ಮಾಡುತ್ತಾ ಹುಡುಕುವ ವಿಧಾನ. ಮಧ್ಯದ ಜಾಗ ಹುಡುಕಲು ಎಲ್ಲರೂ ಬರೆಯುವ ಸಾಲು, ಮಿಡ್ = (ಲೋ + ಹೈ) / 2. ಲೋ ಮತ್ತು ಹೈ ಅಂದರೆ ಹುಡುಕುತ್ತಿರುವ ಭಾಗದ ಎರಡು ತುದಿಗಳು. ನೋಡೋಕೆ ಏನೂ ತಪ್ಪಿಲ್ಲ, ಅಲ್ವಾ? ಲೋ ಮತ್ತು ಹೈ ಸೊನ್ನೆಗಿಂತ ಕಡಿಮೆ ಇಲ್ಲ, ಲೋ ಹೈಗಿಂತ ದೊಡ್ಡದಲ್ಲ, ಹೀಗಿದ್ದೂ ಮಿಡ್ ಮೈನಸ್ ಆಗಬಹುದಾ ಅಂತ ಕೇಳಿ. ಸಾಲ್ವರ್ 'ಆಗುತ್ತೆ' ಅಂದು ವ್ಯಾಲ್ಯೂಗಳನ್ನೇ ಕೈಗೆ ಕೊಡುತ್ತೆ. ಉದಾಹರಣೆಗೆ ಲೋ 150 ಕೋಟಿ, ಹೈ 200 ಕೋಟಿ. ಕೂಡಿದರೆ 350 ಕೋಟಿ, ಆದರೆ ಇಂಟಿಜರ್ ಹಿಡಿಸುವುದು 2147483647ರ ತನಕ ಮಾತ್ರ. ಜಾವಾದಲ್ಲಿ ಮೊತ್ತ ಸುತ್ತಿಕೊಂಡು -794967296 ಆಗುತ್ತೆ, ಮಿಡ್ -397483648. ಅದೇ ಸಾಲನ್ನು ಲೋ + (ಹೈ - ಲೋ) / 2 ಅಂತ ಬದಲಿಸಿ ಮತ್ತೆ ಕೇಳಿದರೆ, ಅಂಥ ವ್ಯಾಲ್ಯೂ ಇಲ್ಲವೇ ಇಲ್ಲ ಅನ್ನುತ್ತೆ. ಈ 'ಇಲ್ಲ' ಸಾಧ್ಯವಿರುವ ಎಲ್ಲಾ ಜೋಡಿಗಳಿಗೂ ಸೇರಿಸಿ ಹೇಳಿದ್ದು. ಯಾವ ಟೆಸ್ಟ್ ಕೂಡ ಇಷ್ಟು ಹೇಳಲಾರದು.

ಇದು ಸುಮ್ನೆ ಹುಟ್ಟಿಸಿದ ಉದಾಹರಣೆ ಅಲ್ಲ. ಜಾವಾದ ಲೈಬ್ರರಿಯಲ್ಲೇ ಈ ತಪ್ಪು ವರ್ಷಗಟ್ಟಲೆ ಇತ್ತು, 2006ರಲ್ಲಿ ಎಲ್ಲರಿಗೂ ಗೊತ್ತಾಯಿತು. ಅರೇಯಲ್ಲಿ ಸುಮಾರು 107 ಕೋಟಿ ಅಥವಾ ಅದಕ್ಕೂ ಜಾಸ್ತಿ ಅಂಶಗಳಿದ್ದರೆ ಮಾತ್ರ ಕಾಣಿಸಿಕೊಳ್ಳುವ ತಪ್ಪು ಅದು.

ಪ್ರಶ್ನೆ: ಸಿ ಕೋಡನ್ನು ಹೀಗೆ ಪರೀಕ್ಷಿಸುವ ಸಿಬಿಎಂಸಿ ಟೂಲ್ ಓಡಿಸಿದೆ. 'ವೆರಿಫಿಕೇಶನ್ ಸಕ್ಸೆಸ್‌ಫುಲ್' ಅಂತ ಬಂತು. ಇನ್ನು ನಿಶ್ಚಿಂತೆಯಿಂದ ಇರಬಹುದಾ?

ಉತ್ತರ: ಎರಡು ವಿಷಯ ನೋಡದೆ ನಂಬಬೇಡಿ. ಮೊದಲನೆಯದು ಲೂಪ್. ಸಿಬಿಎಂಸಿ ಬೌಂಡೆಡ್ ಮಾಡೆಲ್ ಚೆಕರ್. ನೀವು ಮಿತಿ 10 ಅಂತ ಕೊಟ್ಟರೆ ಲೂಪಿನ ಒಳಗಿನ ಸಾಲುಗಳನ್ನು ಅಷ್ಟೇ ಸಲ ಬಿಡಿಸಿ ಬರೆದುಕೊಂಡು ಅಲ್ಲಿಗೆ ನಿಲ್ಲಿಸುತ್ತೆ, ಅದರಾಚೆ ಏನಾಗುತ್ತೆ ಅನ್ನುವುದು ಅದರ ಲೆಕ್ಕಕ್ಕೇ ಬರುವುದಿಲ್ಲ. ಲೂಪ್ ಆ ಮಿತಿಯನ್ನು ದಾಟಬಲ್ಲದಾ ಅಂತ ನೋಡಲು ಅನ್‌ವೈಂಡಿಂಗ್ ಅಸರ್ಷನ್ ಅನ್ನುವ ತಪಾಸಣೆ ಇದೆ, ಅದು ಚಾಲೂ ಇದ್ದು ಅದೂ ಪಾಸ್ ಆದರೆ ಮಾತ್ರ ಉತ್ತರ ಪೂರ್ತಿ. ಅದಿಲ್ಲದೆ ಬಂದ 'ಸಕ್ಸೆಸ್‌ಫುಲ್' ಅಂದರೆ 10 ಸುತ್ತಿನೊಳಗೆ ತಪ್ಪು ಸಿಗಲಿಲ್ಲ ಅಂತ, ಅಷ್ಟೇ.

ಎರಡನೆಯದು ನೀವೇ ಬರೆದ ಅಸ್ಯೂಮ್ ಸಾಲುಗಳು, ಅಂದರೆ ಇಂಥ ಇನ್‌ಪುಟ್‌ಗಳನ್ನು ಮಾತ್ರ ನೋಡು ಅಂತ ಟೂಲಿಗೆ ಹೇಳುವ ಸಾಲುಗಳು. ಇದನ್ನು ತುಂಬಾ ಜನ ಮರೆಯುತ್ತಾರೆ, ನನ್ನ ಪ್ರಕಾರ ಇದೇ ಹೆಚ್ಚು ಅಪಾಯಕಾರಿ. ಎಕ್ಸ್ 10ಕ್ಕಿಂತ ದೊಡ್ಡದು ಅಂತ ಒಂದು ಕಡೆ, 5ಕ್ಕಿಂತ ಚಿಕ್ಕದು ಅಂತ ಇನ್ನೊಂದು ಕಡೆ ಬರೆದಿದ್ದರೆ ಯಾವ ಇನ್‌ಪುಟ್ ಕೂಡ ಉಳಿಯುವುದಿಲ್ಲ, ಆಗ ಏನು ಕೇಳಿದರೂ ಪಾಸ್. ಫಂಕ್ಷನ್ ಕೊನೆಗೆ ಬೇಕೆಂದೇ ಸುಳ್ಳಾಗುವ ಒಂದು ಅಸರ್ಟ್ ಹಾಕಿ ಓಡಿಸಿ. ಅದು ಫೇಲ್ ಆಗಲೇಬೇಕು. ಆಗದಿದ್ದರೆ ಟೂಲ್ ಆ ಸಾಲಿನ ತನಕ ಬಂದೇ ಇಲ್ಲ.

ಮಿತಿ ಇಲ್ಲದ ಲೂಪ್ ಇದ್ದರೆ ಬೇರೆ ದಾರಿ ಹಿಡಿಯಬೇಕು. ಕೋಡಿನ ವಿವರಗಳನ್ನು ಬಿಟ್ಟು 'ಲಾಕ್ ಹಾಕಿದೆಯಾ' ಅನ್ನುವಂಥ ಕೆಲವೇ ಹೌದು-ಇಲ್ಲ ಸಂಗತಿಗಳನ್ನು ಇಟ್ಟುಕೊಂಡು ಪರೀಕ್ಷಿಸುವುದು, ಸುಳ್ಳು ಎಚ್ಚರಿಕೆ ಬಂದರೆ ಇನ್ನೊಂದು ಸಂಗತಿ ಸೇರಿಸಿ ಮತ್ತೆ ನೋಡುವುದು. ಮೈಕ್ರೋಸಾಫ್ಟ್‌ನ ಸ್ಲ್ಯಾಮ್ ಅನ್ನುವ ಟೂಲ್ ವಿಂಡೋಸ್ ಡ್ರೈವರ್‌ಗಳನ್ನು ಪರೀಕ್ಷಿಸಿದ್ದು ಹೀಗೇ.

ಪ್ರಶ್ನೆ: ಹಳೆಯ ಪಾಠಗಳಲ್ಲಿ ಬಿಡಿಡಿ ಅಂತ ಬರುತ್ತೆ. ಅದನ್ನೂ ಕಲಿಯಬೇಕಾ?

ಉತ್ತರ: ಸಿ ಕೋಡ್ ಪರೀಕ್ಷಿಸುವುದೇ ಗುರಿಯಾದರೆ ಮೊದಲು ಸ್ಯಾಟ್ ಸಾಲ್ವರ್ ಕಲಿಯಿರಿ, ಹೌದು-ಇಲ್ಲ ವೇರಿಯಬಲ್‌ಗಳ ಸೂತ್ರ ನಿಜವಾಗುವಂಥ ವ್ಯಾಲ್ಯೂ ಇದೆಯಾ ಅಂತ ಹುಡುಕುವ ಸಾಲ್ವರ್ ಅದು. ಬಿಡಿಡಿ, ಅಂದರೆ ಬೈನರಿ ಡಿಸಿಷನ್ ಡಯಾಗ್ರಾಮ್, ತರ್ಕದ ಸೂತ್ರವನ್ನು ಹೌದು-ಇಲ್ಲ ಕವಲುಗಳ ನಕ್ಷೆಯಾಗಿ ಇಡುವ ವಿಧಾನ. ಅದು ದೊಡ್ಡ ಹೆಜ್ಜೆಯೇ, ಅನುಮಾನವಿಲ್ಲ. ರಾಂಡಲ್ ಬ್ರಯಾಂಟ್ 1986ರಲ್ಲಿ ಅದನ್ನು ಬಳಸಲು ಬರುವ ರೂಪಕ್ಕೆ ತಂದರು, 1990ರ ಹೊತ್ತಿಗೆ ಕೆನ್ ಮೆಕ್‌ಮಿಲನ್, ಎಡ್ಮಂಡ್ ಕ್ಲಾರ್ಕ್ ಮತ್ತು ಜೊತೆಯವರು ಅದರಿಂದ 10ರ 20ನೇ ಘಾತದಷ್ಟು ಸ್ಥಿತಿಗಳನ್ನು ಪರೀಕ್ಷಿಸಿ ತೋರಿಸಿದರು. ಆದರೆ ವೇರಿಯಬಲ್‌ಗಳ ಕ್ರಮ ಕೆಟ್ಟರೆ ಅದರ ಗಾತ್ರ ಉಬ್ಬಿ ಮೆಮೊರಿ ತುಂಬಿಬಿಡುತ್ತೆ, ಗುಣಾಕಾರಕ್ಕಂತೂ ಯಾವ ಕ್ರಮವೂ ಒಳ್ಳೆಯದಲ್ಲ. ಗುಣಾಕಾರ ಜಾಸ್ತಿ ಇದ್ದರೆ ಸ್ಯಾಟ್ ಸಾಲ್ವರ್ ಕೂಡ ಒದ್ದಾಡುತ್ತೆ, ಹಾಗಾಗಿ ನಿಮ್ಮ ಮೊದಲ ಪ್ರಯೋಗಕ್ಕೆ ಕೂಡು-ಕಳೆ ಮತ್ತು ಅರೇ ಇಂಡೆಕ್ಸ್ ಇರುವ ಸಣ್ಣ ಫಂಕ್ಷನ್ ಆರಿಸಿಕೊಳ್ಳಿ.